ಮುತ್ತಲ ಗಿಡಕ್ಕೆ ಕಂಬಳಿ

ಎಲ್ಲ ಆದದ್ದು ಒಂದು ಕೆಂಪು ವಹಿಯಿಂದ. ಅದನ್ನು ಮನೆಯಲ್ಲೇ ಬಿಟ್ಟಿದ್ದರೆ ಪ್ರಹ್ಲಾದ ಗಲಗಲಿ ಸುಮ್ಮನೆ ಹೋಗಿ ಸುಮ್ಮನೆ ಬರುತ್ತಿದ್ದ, ಊರಿಗೆ ಸುದ್ದಿಯೂ ಆಗುತ್ತಿರಲಿಲ್ಲ. ಆದರೆ ಕಾರಕೂನ ಮನುಷ್ಯ, ಕೈಯಲ್ಲಿ ವಹಿ ಇಲ್ಲದೆ ಹೊಸ್ತಿಲು ದಾಟಿದರೆ ಅಂಗಿ ಮರೆತು ಬಂದಂತೆ ಅನಿಸುತ್ತಿತ್ತು ಅವನಿಗೆ.

ಜಮಖಂಡಿಯ ಮಾಮಲೇದಾರ, ಅಂದರೆ ತಾಲೂಕಿನ ದೊಡ್ಡ ಸಾಹೇಬರ, ಕಚೇರಿಯಲ್ಲಿ ಅವನ ನೌಕರಿ. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದು ಆಗಲೇ ಐದು ವರ್ಷವಾಗಿತ್ತು. ಪ್ರಹ್ಲಾದನಿಗೆ ಮೂವತ್ತೆಂಟು. ಹೆಂಡತಿ ತೀರಿಕೊಂಡು ಎಂಟು ವರ್ಷ, ಮಕ್ಕಳಿಲ್ಲ. ತುಳಸಾಬಾಯಿ ಎಂಬ ಮುದುಕಿಯ ಮನೆಯ ಹಿಂದಿನ ಖೋಲಿಯಲ್ಲಿ ವಾಸ, ಅವಳ ಕೈಯಲ್ಲೇ ಊಟ. ಆಕೆಗೆ ಕಿವಿ ಪೂರಾ ಮಂದ. ಪ್ರಶ್ನೆ ಕೇಳುವವಳೂ ತಾನೇ, ಉತ್ತರ ಹೇಳಿಕೊಳ್ಳುವವಳೂ ತಾನೇ. ಹೀಗಾಗಿ ಶನಿವಾರ ಕಚೇರಿಯ ಕದ ಹಾಕಿದ ಮೇಲೆ ಪ್ರಹ್ಲಾದನಿಗೆ ಮಾತಾಡಲು ಒಂದು ನರಪಿಳ್ಳೆ ಇರುತ್ತಿರಲಿಲ್ಲ. ಸೋಮವಾರ ಹಾಜರಿ ಕೂಗಿದಾಗ ಎರಡು ಸಲ ಕೆಮ್ಮಿದ ಮೇಲೆಯೇ ಅವನ ಬಾಯಿಂದ "ಹಾಜರ್ ರೀ" ಹೊರಡುತ್ತಿತ್ತು. ಅಷ್ಟು ಹೊತ್ತು ಬಳಸದ ದನಿ, ಪಾಪ, ಜಂಗು ಹಿಡಿದಿರುತ್ತಿತ್ತು.

ಇಂಥವನ ಕೈಗೆ ವಾಚನಾಲಯದಲ್ಲಿ ಪುಣೆಯ ಒಂದು ಮರಾಠಿ ಮಾಸಿಕ ಸಿಕ್ಕಿತು. ವಸಂತ ಋತುವಿನಲ್ಲಿ ಕಾಡುಹೂವು ನೋಡುತ್ತ ಜಲಪಾತದವರೆಗೆ ನಡೆದು ಹೋಗಬೇಕು, ಬುತ್ತಿ ಬಿಚ್ಚಿ ಕೂಡಿ ಉಣ್ಣಬೇಕು, ಹೂವಿನ ಹೆಸರು ಬರೆದಿಟ್ಟುಕೊಳ್ಳಬೇಕು, ಇಂಥ ನಡಿಗೆಯಲ್ಲಿ ಆದ ಗೆಳೆತನ ಸಾಯುವ ತನಕ ಬಿಡುವುದಿಲ್ಲ ಎಂದು ಯಾರೋ ಪುಣ್ಯಾತ್ಮ ಬರೆದಿದ್ದ. ಕೊನೆಯ ಮಾತನ್ನು ಪ್ರಹ್ಲಾದ ನಾಲ್ಕು ಸಲ ಓದಿದ.

ಬೀಳಗಿ ದಾರಿಯ ಗುಡ್ಡದ ಸಾಲಿನಲ್ಲಿ ಒಂದು ದಬದಬಿ ಇತ್ತು. ಮಳೆಗಾಲದಲ್ಲಿ ಎರಡು ಆಳೆತ್ತರದಿಂದ ನೀರು ಬೀಳುತ್ತಿತ್ತು. ಶನಿವಾರ ಕಚೇರಿಯಲ್ಲಿ ಪ್ರಹ್ಲಾದ ಒಬ್ಬೊಬ್ಬರ ಮೇಜಿಗೂ ಹೋಗಿ, "ನಾಳೆ ಬರ್ತೀರೇನ್ರಿ ದಬದಬಿಗೆ? ಹೂವು ನೋಡಿ ಬರೂಣು" ಎಂದು ಕೇಳಿದ. ಒಬ್ಬನಿಗೆ ಮೊಣಕಾಲು ನೋವು, ಒಬ್ಬನಿಗೆ ಬೀಗರು ಬರುವವರಿದ್ದರು. ಅವ್ವಲ ಕಾರಕೂನ ರಾಚಪ್ಪ, ಅಂದರೆ ಕಾರಕೂನರಿಗೆಲ್ಲ ಹಿರಿಯ, ಕನ್ನಡಕ ಹಣೆಗೇರಿಸಿ ನಕ್ಕ.

"ದಬದಬಿ? ಫಾಲ್ಗುಣದಾಗ? ಅಲ್ಲೋ ಗಲಗಲಿ, ಈಗ ಅಲ್ಲಿ ನೀರೆಲ್ಲೈತಿ? ಬರೇ ಕಲ್ಲ ಅದಾವ. ಕಲ್ಲ ನೋಡಬೇಕಂದ್ರ ನಮ್ಮ ಹಿತ್ತಲಕ್ಕ ಬಾ, ಬೇಕಾದಷ್ಟ ತೋರಸ್ತೇನಿ. ನೆಪ್ಪ ಇಟ್ಕೋ, ನಾಳೆ ಸಂಜಿ ಬಸ್ಸಿಗೆ ಹೊಸ ಮಾಮಲೇದಾರ ಸಾಹೇಬ್ರು ಬರ್ತಾರ. ಆರಕ್ಕ ಬಂಗಲೇದಾಗ ಎಲ್ಲಾರೂ ಹಾಜರ ಇರಬೇಕು."

ಸರಿ, ಪ್ರಹ್ಲಾದ ಒಬ್ಬನೇ ಹೊರಟ. ರವಿವಾರ ಬೆಳಿಗ್ಗೆ ತುಳಸಾಬಾಯಿ ರೊಟ್ಟಿ ಬಡಿಯುತ್ತ ಕೇಳಿದಳು.

"ಯಾರ ಜೋಡಿ ಹೊಂಟೀಯೋ ಪ್ರಲ್ಹಾದಾ?"

"ಒಬ್ಬನ ರೀ."

"ಗೆಳ್ಯಾನ ಜೋಡಿ ಇರಬೇಕು. ಛಲೋ ಆತು. ಇಬ್ಬರಿಗಾಗೂವಷ್ಟ ಕಟ್ಟತೇನಿ ತಡಿ."

ಪ್ರಹ್ಲಾದ ತಿದ್ದಲು ಹೋಗಲಿಲ್ಲ. ಇಬ್ಬರ ಬುತ್ತಿ ಹೆಗಲಿಗೆ ಹಾಕಿಕೊಂಡ. ಹೂವಿನ ಹೆಸರು ಬರೆಯಲು ಕಚೇರಿಯ ಹಳೆಯದೊಂದು ಅರ್ಧ ಖಾಲಿ ವಹಿ ಬಗಲಿಗೆ ಇಟ್ಟುಕೊಂಡ. ಅದು ಕೆಂಪು ಬೈಂಡಿನ ಪೀಕಪಾಣಿ ವಹಿ. ಸರಕಾರದವರು ಹೊಲಹೊಲ ತಿರುಗಿ, ಯಾವ ಸರ್ವೆ ನಂಬರಿನಲ್ಲಿ ಏನು ಪೀಕು ನಿಂತಿದೆ ಎಂದು ಬರೆದುಕೊಳ್ಳುವುದು ಇಂಥದರಲ್ಲೇ. ಅದರ ಕೆಂಪನ್ನು ರೈತರು ಅರ್ಧ ಮೈಲಿಯಿಂದ ಗುರುತು ಹಿಡಿಯುತ್ತಿದ್ದರು. ಈ ಸಂಗತಿ ಕಾರಕೂನನಿಗೇ ಹೊಳೆಯಲಿಲ್ಲ ನೋಡಿ!

ದಾರಿ ಕವಲೊಡೆಯುವ ಫಾಟಾದಲ್ಲಿ ಬಸ್ಸಿಳಿದು ಕಾಲುದಾರಿ ಹಿಡಿದ. ಬೆಳಗಿನ ಬಿಸಿಲು ಇನ್ನೂ ಎಳೆಯದು. ಜೋಳ ಕೊಯ್ದ ಹೊಲದ ಬದುವಿಗೆ ಎಕ್ಕಿ, ತಂಗಡಿ, ಬಿಳಿ ದತ್ತೂರಿ. ಪ್ರಹ್ಲಾದನ ಎದೆ ಹಗುರಾಯಿತು. ವಹಿ ತೆಗೆದು ಬರೆಯಲು ನಿಂತ. ಬರೆಯುವುದೇನೋ ಹೂವು, ಆದರೆ ಹದಿನೈದು ವರ್ಷ ಪಳಗಿದ ಕೈ ತನ್ನ ರೀತಿ ಬಿಟ್ಟೀತೆ? ಊರಿನ ನಕಾಶೆ ನಕಲು ತೆಗೆದೂ ತೆಗೆದೂ ಅವನಿಗೆ ಹೊಲದ ನಂಬರುಗಳೆಲ್ಲ ಬಾಯಿಪಾಠ. "ಸರ್ವೆ ನಂಬರ ೪೧. ಎಕ್ಕಿ, ನಾಲ್ಕು ಗಿಡ. ತಂಗಡಿ, ಎರಡು. ಬಣ್ಣ ಹಳದಿ. ಸ್ಥಿತಿ ಉತ್ತಮ" ಎಂದು ಬರೆದು ಕೆಳಗೆ ಗೆರೆ ಎಳೆದ.

"ಏನ ಬರ್ಯಾಕತ್ತೀರಿ ಸಾಹೇಬ್ರ?"

ಹಿಂದೆ ಹೊಲದ ಒಡೆಯ ಶಿದ್ರಾಮಪ್ಪ ಕೈ ಮುಗಿದು ನಿಂತಿದ್ದ. ಅಕ್ಷರ ಬಲ್ಲವ. ಆಗಲೇ ಬಗ್ಗಿ ವಹಿಯನ್ನೊಮ್ಮೆ ಓದಿಕೊಂಡಿದ್ದ.

ಪ್ರಹ್ಲಾದನಿಗೆ ಹಬ್ಬವಾಯಿತು. ಮಾತಿಗೊಬ್ಬ ಸಿಕ್ಕ! "ಹೂವು ರೀ! ನಿಮ್ಮ ಹೊಲದಾಗ ಎಷ್ಟ ಅದಾವ ನೋಡ್ರಿ!"

ಶಿದ್ರಾಮಪ್ಪನ ಮುಖ ಇಳಿಯಿತು. "ಇಲ್ರೀ ಯಪ್ಪಾ, ಜ್ವಾಳ ಕೊಯ್ದ ಹದಿನೈದ ದಿನಾ ಆತ್ರಿ. ಅದಕ್ಕ ಖಾಲಿ ಕಾಣತೈತಿ."

"ಜ್ವಾಳ ತಗೊಂಡ ಏನ ಮಾಡ್ಲಿ? ನನಗ ಬೇಕಾದದ್ದು ಹೂವು ಅಷ್ಟ. ಬರ್ರಿ, ಕೂಡ್ರಿ, ಮಾತಾಡೂಣು."

ಶಿದ್ರಾಮಪ್ಪ ಕೂಡಲಿಲ್ಲ. ಬಿತ್ತದೆ ಪಡ ಬಿಟ್ಟ ಹೊಲವನ್ನು ಸರಕಾರ ಕಸಿದುಕೊಳ್ಳುತ್ತದಂತೆ ಎಂಬ ಗಾಳಿಸುದ್ದಿ ಆ ವರ್ಷ ಹಳ್ಳಿಹಳ್ಳಿಗೆ ಹಬ್ಬಿತ್ತು. ಹೊಲದಲ್ಲಿ ಎಕ್ಕಿ, ತಂಗಡಿ ಇದೆ ಎಂದು ಪೀಕಪಾಣಿ ವಹಿಯಲ್ಲಿ ಬರೆದರೆ ಏನರ್ಥ? ಹೊಲ ಪಡ ಬಿದ್ದಿದೆ ಎಂದೇ ಅರ್ಥ. ಅದೂ ರವಿವಾರ ದಿನ, ಊರ ಲೆಕ್ಕ ಬರೆಯುವ ತಲಾಟಿಗೂ ಹೇಳದೆ, ಕಳ್ಳನಂತೆ ಒಬ್ಬನೇ ಬಂದು ಬರೆಯುತ್ತಿದ್ದಾನೆ! ಶಿದ್ರಾಮಪ್ಪ ಧೋತರ ಎತ್ತಿ ಕಟ್ಟಿ ಊರ ಕಡೆ ಓಟ ಕಿತ್ತ.

"ಅವಸರದ ಕೆಲಸ ಇರಬೇಕು" ಎಂದುಕೊಂಡು ಪ್ರಹ್ಲಾದ ಮುಂದೆ ನಡೆದ.

ಮುಂದಿನ ಹೊಲದಲ್ಲಿ ಒಂದು ಹೂವಿರಲಿಲ್ಲ. ಅದರಾಚೆಯ ಹೊಲದಲ್ಲೂ ಇರಲಿಲ್ಲ. ಬದುವಿನ ಮಣ್ಣು ಹಸಿಹಸಿಯಾಗಿ ಅಗೆದಿತ್ತು. ಕುಡಗೋಲು ಹಿಡಿದ ಹೆಂಗಸರು ಇವನನ್ನು ಕಂಡು ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಬಣವೆಯ ಹಿಂದೆ ಸರಿಯುತ್ತಿದ್ದರು. ದೂರದಲ್ಲಿ ತಂಗಡಿಯ ಹಳದಿ ಕಂಡಿತೆಂದು ಕಾಲು ಬೀಸಿದರೆ, ಮುಟ್ಟುವಷ್ಟರಲ್ಲಿ ಹಳದಿ ಮಾಯ, ತಂಗಡಿಯ ಬುಡದಲ್ಲಿ ಒಬ್ಬ ಬೆವರು ಒರೆಸಿಕೊಳ್ಳುತ್ತ ನಿಂತಿರುತ್ತಿದ್ದ. ಇವನನ್ನು ತಡೆದು ನಿಲ್ಲಿಸಲೆಂದೇ ದಾರಿಯುದ್ದಕ್ಕೂ ಮಜ್ಜಿಗೆ ಬಂತು. ಕಡಲಿಕಾಯಿ ಬಂತು. ಮತ್ತೆ ಮಜ್ಜಿಗೆ ಬಂತು. ಪ್ರತಿಯೊಬ್ಬರಿಗೂ ಪ್ರಹ್ಲಾದ, "ಕೂಡ್ರಿ, ನೀವೂ ಒಂದ ಗುಟುಕ ತಗೋರಿ" ಎಂದ. ಒಬ್ಬರೂ ಕೂಡಲಿಲ್ಲ. ಕೈ ಮುಗಿದುಕೊಂಡು ನಿಂತೇ ಇದ್ದರು. ಆರನೆಯ ತಂಬಿಗೆ ಹೊತ್ತಿಗೆ ಅವನ ಹೊಟ್ಟೆ ಗುಳುಗುಳು ಅನ್ನತೊಡಗಿತು. ಇಷ್ಟು ಜನರ ನಡುವೆ ಇಷ್ಟು ಒಂಟಿಯಾಗಿ ಅವನು ಕಚೇರಿಯಲ್ಲೂ ಇದ್ದಿರಲಿಲ್ಲ.

ಗುಡ್ಡದ ಬುಡದಲ್ಲಿ ದೊಡ್ಡದೊಂದು ಮುತ್ತಲ, ಅಂದರೆ ಮುತ್ತುಗದ ಗಿಡವಿತ್ತು. ಮುತ್ತಲವನ್ನು ಕುಡಗೋಲಿನಿಂದ ಸವರಿ ಮುಗಿಸಲಾದೀತೆ? ಮೈತುಂಬ ಕೆಂಪು ಹೂವು ಹೊತ್ತ ಮರ. ಅದಕ್ಕೆ ಹಳ್ಳಿಯವರು ಉಪಾಯ ಹುಡುಕಿದ್ದರು. ಊರಲ್ಲಿದ್ದ ಕಂಬಳಿಗಳನ್ನೆಲ್ಲ ತಂದು ಗಿಡಕ್ಕೆ ಹೊದಿಸಿದ್ದರು. ಕಂಬಳಿ ಸಾಲದ ಕಡೆ ಎರಡು ರಬಕವಿ ಸೀರೆ ಕಟ್ಟಿದ್ದರು. ಬುಡದಲ್ಲಿ ಯಲ್ಲವ್ವ ಎಂಬ ಹೆಣ್ಣುಮಗಳು ಸೊಂಟಕ್ಕೆ ಕೈಕೊಟ್ಟು ಕಾವಲು ನಿಂತಿದ್ದಳು.

"ಇದೇನ ತಂಗಿ, ಗಿಡಕ್ಕ ಕಂಬಳಿ?"

ಯಲ್ಲವ್ವ ಕಣ್ಣು ಮಿಟುಕಿಸಲಿಲ್ಲ. "ಥಂಡಿ ಆಗೇತ್ರಿ ಅದಕ್ಕ."

"ಇಂಥಾ ಬಿಸಲಾಗ?"

"ಒಳಥಂಡಿರಿ. ನಡಗಾಕತ್ತಿತ್ತು. ನೋಡಾಕ ಆಗಲಾರದ ಹೊಚ್ಚೇವ್ರಿ."

ಸೀರೆಯ ಸಂದಿನಿಂದ ಒಂದು ಹೂವು ಇಣುಕುತ್ತಿತ್ತು. ಯಲ್ಲವ್ವ ಅದನ್ನು ಮೆಲ್ಲಗೆ ಒಳಗೆ ತುರುಕಿದಳು. ಪ್ರಹ್ಲಾದ ಏನೂ ತಿಳಿಯದೆ ವಹಿಯಲ್ಲಿ "ಕಂಬಳಿ, ಹನ್ನೊಂದು. ಸೀರೆ, ಎರಡು" ಎಂದು ಬರೆದುಕೊಂಡ. ಅದನ್ನು ಕಂಡು ಯಲ್ಲವ್ವನ ಬಾಯಿ ಒಣಗಿತು. ಕಂಬಳಿಯನ್ನೂ ಬರೆದುಕೊಂಡನಲ್ಲ ಈ ಗಂಡಸು!

ದಬದಬಿ ಮುಟ್ಟುವಾಗ ನಡುಹಗಲು. ರಾಚಪ್ಪ ಹೇಳಿದ್ದು ಖರೆ. ಎತ್ತರದ ಬಂಡೆಯಿಂದ ಎಣಿಸಿ ಮೂರು ಹನಿ ಬೀಳುವುದು, ಆಮೇಲೆ ದಣಿವಾರಿಸಿಕೊಂಡಂತೆ ನಿಲ್ಲುವುದು, ಮತ್ತೆ ಮೂರು ಹನಿ. ಕೆಳಗೆ ಅಂಗೈಯಗಲದ ಮಡು. ಹೂವೂ ಇಲ್ಲ, ನೀರೂ ಇಲ್ಲ, ಜನವೂ ಇಲ್ಲ. ಇಬ್ಬರ ಬುತ್ತಿ ಹೆಗಲಿಗೆ ಬಲು ಭಾರವಾಯಿತು.

"ಬರ್ರಿ, ಇಲ್ಲಿ ನೆರಳ ಐತಿ."

ಬಂಡೆಯ ಮೇಲೆ ಒಬ್ಬ ಕುಳಿತಿದ್ದ. ನಲವತ್ತರ ಆಸುಪಾಸು, ಬಿಳಿ ಧೋತರ, ಬಿಳಿ ಅಂಗಿ. ಪಕ್ಕದಲ್ಲಿ ಹಿತ್ತಾಳೆ ತಂಬಿಗೆ, ಅದರ ಬಾಯಿಗೆ ನೀಲಿ ಅಂಚಿನ ಸೋಸುವ ಅರಿವೆ ಕಟ್ಟಿತ್ತು. ಮಡುವಿನ ನೀರನ್ನು ಆ ಅರಿವೆಯಲ್ಲಿ ಸಾವಕಾಶ ಸೋಸುತ್ತಿದ್ದ. ಜೈನರವನೆಂದು ಪ್ರಹ್ಲಾದನಿಗೆ ತಿಳಿಯಿತು.

"ನಾನು ಪದ್ಮರಾಜ. ತೇರದಾಳದಾಗ ತಂಗಿ ಮನಿ. ಕಾಡಹೂವು ನೋಡೂಣಂತ ಬಂದೆ. ನೀವು?"

ಪ್ರಹ್ಲಾದನಿಗೆ ಕಿವಿ ನಂಬಲಾಗಲಿಲ್ಲ. "ನಾನೂನು ಹೂವಿಗೇ ಬಂದೇನ್ರಿ!" ಎಂದು ಕೂಗಿಯೇಬಿಟ್ಟ.

ತಾನು ಸರಕಾರದವ ಎಂದರೆ ಇವನೂ ಎದ್ದು ಕೈ ಮುಗಿದಾನೆಂಬ ಹೆದರಿಕೆಗೆ, "ಸಾಲಿ ಮಾಸ್ತರ ನಾನು" ಎಂದು ಸುಳ್ಳು ಹೇಳಿದ. ಪದ್ಮರಾಜ ತನ್ನ ಕೆಲಸ "ಊರೂರು ತಿರಗೂದು" ಎಂದಷ್ಟೇ ಹೇಳಿದ. ರಬಕವಿ ಸೀರೆ ವ್ಯಾಪಾರಿ ಇರಬೇಕೆಂದು ಪ್ರಹ್ಲಾದ ತನ್ನಷ್ಟಕ್ಕೆ ತೀರ್ಮಾನಿಸಿದ.

ಬುತ್ತಿ ಬಿಚ್ಚಿದರು. "ಶೇಂಗಾ ಚಟ್ನ್ಯಾಗ ಬಳ್ಳೊಳ್ಳಿ ಐತೇನ್ರಿ?" ಎಂದು ಪದ್ಮರಾಜ ಸಂಕೋಚದಿಂದ ಕೇಳಿದ. "ನಮ್ಮ ತುಳಸಾಬಾಯಿ ಬಳ್ಳೊಳ್ಳೀನ ಓಣಿಗೂ ಬಿಡೂದಿಲ್ರಿ" ಎಂದ ಪ್ರಹ್ಲಾದ. ಇಬ್ಬರೂ ಬೆನ್ನು ಬಂಡೆಗೆ ಕೊಟ್ಟು, ಕಾಲು ಚಾಚಿ ಉಂಡರು.

"ಏಳ ವರ್ಷದಾಗ ಆರ ಊರು ಆತ್ರಿ" ಎಂದ ಪದ್ಮರಾಜ. "ಹ್ವಾದಲ್ಲೆಲ್ಲಾ ಜನಾ ಎದ್ದ ನಿಲ್ತಾರ. ಬಾಜೂಕ ಕೂಡವರು ಒಬ್ಬರೂ ಇಲ್ಲ. ನೀವು ಕುಂತ್ರಿ ನೋಡ್ರಿ, ನನಗ ಹೊಟ್ಟಿ ತುಂಬಿತು."

ಸೀರೆ ವ್ಯಾಪಾರಿಗೆ ಜನ ಏಕೆ ಎದ್ದು ನಿಲ್ಲುತ್ತಾರೆ ಎಂದು ಕೇಳುವಷ್ಟು ಬುದ್ಧಿ ಆ ಗಳಿಗೆಯಲ್ಲಿ ಪ್ರಹ್ಲಾದನಿಗೆ ಉಳಿದಿರಲಿಲ್ಲ. ಅವನು ಮಾತಾಡುತ್ತಿದ್ದ. ಹೆಂಡತಿಯ ಬಗ್ಗೆ ಮಾತಾಡಿದ, ಸೋಮವಾರದ ಕೆಮ್ಮಿನ ಬಗ್ಗೆ ಮಾತಾಡಿದ, ಪುಣೆಯ ಮಾಸಿಕದ ಬಗ್ಗೆ ಮಾತಾಡಿದ. ಎಂಟು ವರ್ಷದ ಮಾತು ಎರಡು ತಾಸಿನಲ್ಲಿ ಖಾಲಿಯಾಗುವಂತೆ ಕಾಣಲಿಲ್ಲ. ಪದ್ಮರಾಜ ಅವನ ಮಾತಿಗೆಲ್ಲ ಹೂಂಗುಟ್ಟಿದ, ನಕ್ಕ, ಒಮ್ಮೆ ಕಣ್ಣೊರೆಸಿಕೊಂಡ.

ಹೊತ್ತು ವಾಲಿದಾಗ ಪದ್ಮರಾಜ ಬೆರಳು ಮೇಲೆತ್ತಿದ. ಬಂಡೆಯ ನೆತ್ತಿಯ ಮೇಲೆ ಯಾವ ಹಳ್ಳಿಯ ಕುಡಗೋಲೂ ಮುಟ್ಟದ ಪುಟ್ಟ ಮುತ್ತಲ ಗಿಡ, ಕೆಂಡದಂಥ ಹೂವು ತುಂಬಿ ನಿಂತಿತ್ತು. ಇಬ್ಬರೂ ಕಣ್ತುಂಬ ನೋಡಿದರು. "ವಹಿ ಕೊಡ್ರಿಲ್ಲೆ, ಇದನ್ನ ನಾ ಬರೀತೇನಿ" ಎಂದು ಪದ್ಮರಾಜ ದುಂಡನೆಯ ಅಕ್ಷರದಲ್ಲಿ ಬರೆದ: "ಮುತ್ತಲ, ಒಂದು ಗಿಡ. ನೋಡಿದವರು ಇಬ್ಬರು. ಬರುವ ರವಿವಾರ ಮತ್ತೆ ಇಲ್ಲಿಯೇ." ಕೆಳಗೆ ಸಹಿಯನ್ನೂ ಮಾಡಿದ.

ಆಚೆ ದಾರಿಯ ಬಸ್ಸು ಹಿಡಿಯಬೇಕೆಂದು ಪದ್ಮರಾಜ ಮೊದಲು ಎದ್ದ. ಪ್ರಹ್ಲಾದ ಅವನು ಕಾಣುವಷ್ಟು ಹೊತ್ತೂ ಕೈ ಬೀಸಿದ, ಕಾಣದಾದ ಮೇಲೂ ಬೀಸಿದ, ತನ್ನ ಬಸ್ಸು ತಪ್ಪಿಸಿಕೊಂಡ. ಖಾಲಿ ಚಕ್ಕಡಿಯೊಂದರಲ್ಲಿ ಕುಳಿತು ಜಮಖಂಡಿ ಸೇರುವವರೆಗೂ ರವಿವಾರಕ್ಕೆ ಏಳು ದಿನವೋ ಆರು ದಿನವೋ ಎಂದು ಬೆರಳು ಮಡಚಿ ನೋಡುತ್ತಲೇ ಇದ್ದ.

ಬಂಗಲೆಗೆ ಓಡಿ ಬಂದಾಗ ಆರೂಕಾಲು. ಅಂಗಳದಲ್ಲಿ ಜನವೋ ಜನ. ಶಿದ್ರಾಮಪ್ಪ, ಯಲ್ಲವ್ವ, ಹಿಂದೆ ಅರ್ಧ ಊರು. ಅವನಿಗಿಂತ ಮೊದಲೇ ಬಸ್ಸಿನಲ್ಲಿ ಬಂದಿದ್ದರು.

"ಇವನ ರೀ! ಇವನ ಬರಕೊಂಡಾಂವ!"

ರಾಚಪ್ಪ ಪ್ರಹ್ಲಾದನ ರಟ್ಟೆ ಹಿಡಿದು ಒಳಗೆ ನೂಕಿದ. "ಹೊಸ ಸಾಹೇಬ್ರ ಮುಂದ ಮೊದಲನೇ ದಿನಾನ ನಮ್ಮ ಮಾನ ತಗದ್ಯಲ್ಲೋ!"

ಪ್ರಹ್ಲಾದ ತಲೆ ತಗ್ಗಿಸಿಯೇ ಒಳಗೆ ಹೋದ. ಮೊದಲು ಕಂಡದ್ದು ಮೇಜು. ಮೇಜಿನ ಮೇಲೆ ಹಿತ್ತಾಳೆ ತಂಬಿಗೆ. ತಂಬಿಗೆಯ ಬಾಯಿಗೆ ನೀಲಿ ಅಂಚಿನ ಅರಿವೆ. ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿ ಎಲೆ ಎತ್ತಿದ ಗುರುತು. ಅದರಾಚೆ ಕುರ್ಚಿಯಲ್ಲಿ ಕೋಟು ತೊಟ್ಟು, ಗುಂಡಿಯನ್ನು ಕುತ್ತಿಗೆಯ ತನಕ ಹಾಕಿಕೊಂಡು ಪದ್ಮರಾಜ ಕುಳಿತಿದ್ದ.

ಇಬ್ಬರ ಕಣ್ಣೂ ಕೂಡಿದವು. ಪ್ರಹ್ಲಾದನ ಮುಖ ಒಮ್ಮೆ ಅರಳಿತು. ಆಮೇಲೆ ಕಾಲುಗಳು ತಾವಾಗಿಯೇ ಜೋಡಿಸಿಕೊಂಡವು, ಕೈಗಳು ತಾವಾಗಿಯೇ ಮುಗಿದವು.

"ಒಬ್ಬನ ಅಲ್ರೀ ಸಾಹೇಬ್ರ" ಎಂದ ಶಿದ್ರಾಮಪ್ಪ ಬಾಗಿಲಿನಿಂದ. "ಇವನ ಜೋಡಿ ಇನ್ನೊಬ್ಬ ಕಳ್ಳ ಇದ್ದ. ಗುಡ್ಡದ ಮ್ಯಾಲಿಂದ ನೋಡೇನ್ರಿ. ದಬದಬ್ಯಾಗಿಂದ ಎದ್ದ ಆಚೇ ದಾರಿ ಹಿಡದ ಹೊಂಟಿದ್ದ, ಇಂವಾ ಕೈ ಬೀಸಾಕತ್ತಿದ್ದ. ನಮ್ಮ ಹೊಲಾ ಹಂಚ್ಕೋಳಾಕ ಇಬ್ಬರೂ ಕೂಡ್ಯಾರ!"

"ಯಾರಂವಾ?" ಎಂದ ರಾಚಪ್ಪ.

"ಮಾರಿ ಕಂಡಿಲ್ರಿ. ಬೆನ್ನ ಅಷ್ಟ ಕಂಡೇತಿ. ಆ ಬೆನ್ನ ತೋರಿಸ್ರಿ, ಸಂತ್ಯಾಗಿದ್ರೂ ಗುರ್ತ ಹಿಡಿತೇನಿ."

ಸಾಹೇಬರು ಕುರ್ಚಿಯ ಬೆನ್ನಿಗೆ ಇನ್ನಷ್ಟು ಒತ್ತಿ ಕುಳಿತರು. "ಒಳಗ ಝಳಾ ಭಾಳ ಐತ್ರಿ, ಅಂಗಳದಾಗ ಕುರ್ಚಿ ಹಾಕಸ್ಲೇನ್ರಿ?" ಎಂದು ರಾಚಪ್ಪ ವಿನಯದಿಂದ ಕೇಳಿದ. "ಬ್ಯಾಡ ಬ್ಯಾಡ" ಎಂದರು ಸಾಹೇಬರು, ಗೋಡೆಗೆ ಮೊಳೆ ಹೊಡೆದಂತೆ ಕುಳಿತು. "ಇಲ್ಲೇ ಛಲೋ ಐತಿ."

ರಾಚಪ್ಪ ಕೆಂಪು ವಹಿ ಕಸಿದುಕೊಂಡು ಗಟ್ಟಿಯಾಗಿ ಓದತೊಡಗಿದ. ನಲವತ್ತೊಂದನೇ ನಂಬರು ಓದಿದ. ಜನ ಹೋ ಎಂದರು. ಕಂಬಳಿ ಹನ್ನೊಂದು, ಸೀರೆ ಎರಡು ಓದಿದ. ಯಲ್ಲವ್ವ ಬಾಯಿ ಬಾಯಿ ಬಡಿದುಕೊಂಡಳು. ಬೆರಳಿಗೆ ಉಗುಳು ಹಚ್ಚಿ ಮುಂದಿನ ಪುಟಕ್ಕೆ ಕೈ ಹಾಕಿದ. ಅಲ್ಲಿ ದುಂಡನೆಯ ಅಕ್ಷರವಿತ್ತು, ಸಹಿಯಿತ್ತು. ಅದೇ ದುಂಡನೆಯ ಅಕ್ಷರದಲ್ಲಿ ಈಗಷ್ಟೇ ಬರೆದ, ಶಾಯಿ ಆರದ ಒಂದು ಕಾಗದ ಮೇಜಿನ ಮೇಲಿತ್ತು: ತೇರದಾಳದಿಂದ ಹೊರಟು ನೆಟ್ಟಗೆ ಸಂಜೆ ಬಸ್ಸಿಗೆ ಬಂದು ಮುಟ್ಟಿದ್ದೇನೆ ಎಂದು ಮೇಲಿನವರಿಗೆ ವರದಿ. ಪದ್ಮರಾಜನ ಹಣೆಯಲ್ಲಿ ಬೆವರು ಹನಿಯಿತು. ಮಧ್ಯಾಹ್ನ ಬಂಡೆಯಿಂದ ಬೀಳುತ್ತಿದ್ದಂತೆ ಎಣಿಸಿ ಮೂರು ಹನಿ.

ಪ್ರಹ್ಲಾದ ಹಾರಿದ. ವಹಿ ಕಿತ್ತುಕೊಂಡು, ಆ ಪುಟವನ್ನು ಪರ್ರನೆ ಹರಿದು, ಮುದ್ದೆ ಮಾಡಿ ಬಾಯಿಗೆ ಹಾಕಿಕೊಂಡು ಅಗಿಯತೊಡಗಿದ.

"ಏ ಹುಚ್ಚಾ! ಸರಕಾರೀ ಕಾಗದಾ ತಿಂತಾನಲ್ಲ! ಉಗುಳೋ!" ರಾಚಪ್ಪ ಅವನ ದವಡೆ ಹಿಡಿದ. ಶಿದ್ರಾಮಪ್ಪ ಬೆನ್ನಿಗೆ ಗುದ್ದಿದ. ಆ ಗುದ್ದಿಗೇ ಕಾಗದ ಒಳಗಿಳಿಯಿತು.

"ಏನಿತ್ತು ಆ ಪುಟದಾಗ?"

"ಏನೂ ಇರಲಿಲ್ರಿ."

"ಯಾರಿದ್ದ ನಿನ್ನ ಜೋಡಿ? ಖರೆ ಹೇಳು, ಸಾಹೇಬ್ರು ಕೇಳಾಕತ್ತಾರ!"

ಸಾಹೇಬರು ಏನೂ ಕೇಳುತ್ತಿರಲಿಲ್ಲ. ತಂಬಿಗೆಯ ಅರಿವೆಯನ್ನೇ ನೋಡುತ್ತಿದ್ದರು. ಒಮ್ಮೆ ಬಾಯಿ ತೆರೆದರು. "ಗಲಗಲಿಯವರ..." ಎಂದರು. ಪ್ರಹ್ಲಾದ ಆಸೆಯಿಂದ ಕತ್ತೆತ್ತಿದ. ಸಾಹೇಬರ ಕಣ್ಣು ಬಾಗಿಲಲ್ಲಿ ನಿಂತ ಜನರ ಮೇಲೆ ಹೋಯಿತು, ರಾಚಪ್ಪನ ಮೇಲೆ ಹೋಯಿತು, ಆರದ ಶಾಯಿಯ ಮೇಲೆ ಹೋಗಿ ನಿಂತಿತು. "...ಬರದ ಕೊಡ್ರಿ" ಎಂದು ಮುಗಿಸಿದರು.

ಪ್ರಹ್ಲಾದ ನಿಂತಲ್ಲೇ ಬಗ್ಗಿ, ಸಾಹೇಬರ ಮೇಜಿನ ಮೇಲೆ, ಸಾಹೇಬರ ಟಾಕಿನಿಂದಲೇ ಬರೆದ: "ಈ ದಿವಸ ದಬದಬಿಯಲ್ಲಿ ನನ್ನ ಸಂಗಡ ಯಾರೂ ಇರಲಿಲ್ಲ. ನಾನು ಒಬ್ಬನೇ ಇದ್ದೆನು."

ಹೊಲಗಳಿಗೆ ಏನೂ ಆಗುವುದಿಲ್ಲ ಎಂದು ಸಾಹೇಬರು ಹೇಳಿದ ಮೇಲೆ ಜನ ಚದುರಿದರು. ಸರಕಾರಿ ಕಾಗದ ತಿಂದ ತಪ್ಪಿಗೆ ಬರುವ ದೀಪಾವಳಿ ತನಕ ಪ್ರತಿ ರವಿವಾರ ಕಚೇರಿಗೆ ಬಂದು ಒಬ್ಬನೇ ಕುಳಿತು ಹಳೆಯ ವಹಿಗಳ ನಕಲು ತೆಗೆಯಬೇಕೆಂದು ರಾಚಪ್ಪ ಹುಕುಂ ಬರೆದು ಮುಂದಿಟ್ಟ. ಸಾಹೇಬರು ಅದರ ಮೇಲೆ ದುಂಡನೆಯ ಅಕ್ಷರದಲ್ಲಿ ಸಹಿ ಮಾಡಿದರು. ತಲೆ ಎತ್ತಲಿಲ್ಲ.

ಖೋಲಿಗೆ ಬಂದಾಗ ತುಳಸಾಬಾಯಿ ದೇವರಿಗೆ ದೀಪ ಹಚ್ಚುತ್ತಿದ್ದಳು. ಖಾಲಿ ಬುತ್ತಿಯ ಗಂಟು ಬಿಚ್ಚಿ ನೋಡಿ ಅವಳಿಗೆ ಸಂತೋಷವಾಯಿತು.

"ಒಂದ ತುಣಕ ಉಳಿಸಿಲ್ಲಲ್ಲೋ! ನಿನ್ನ ಗೆಳ್ಯಾಗ ನನ್ನ ರೊಟ್ಟಿ ಸೇರಿದವು ಹಂಗಾದ್ರ. ಬರೂ ರವಿವಾರ ಮತ್ತ ಇಬ್ಬರಿಗೂ ಕಟ್ಟತೇನಿ, ಹೂಂ?"

ಪ್ರಹ್ಲಾದ ಉತ್ತರ ಹೇಳಲು ಬಾಯಿ ತೆರೆದ. ಗಂಟಲಲ್ಲಿ ಇನ್ನೂ ಕಾಗದ ಅಂಟಿಕೊಂಡಿತ್ತು. ಎರಡು ಸಲ ಕೆಮ್ಮಿದ. ಅಷ್ಟರಲ್ಲಿ ತುಳಸಾಬಾಯಿ ತಾನೇ "ಹೂಂ" ಎಂದುಕೊಂಡು ಒಳಗೆ ಹೋಗಿದ್ದಳು.